ಕತ್ತಿಲ್ಲದ ಬಂಡಿ

ಬಲ್ಲಾಳ್ ಸರ್ಕಲ್ಲಿನಲ್ಲಿ ರಸ್ತೆ ದಾಟುವಾಗ
ಫಿಟ್ಟರ್ ಮರಿಕಾಳಯ್ಯ ಬರೀ ತಲೆ ತಿರುಗಿಸುವುದಿಲ್ಲ,
ಇಡೀ ಆಳೇ ತಿರುಗುತ್ತಾರೆ:
ಮೊದಲು ಎಡಗಾಲು, ಆಮೇಲೆ ಸೊಂಟ,
ಕೊನೆಗೆ ಕೊರಳಪಟ್ಟಿಯ ಮೇಲಿನ ಮುಖ
ಬಸ್ಸಿನ ಕಡೆಗೆ.
ಬಸ್ಸು ಕಾಯುತ್ತದೆ. ಕಾಯಲೇಬೇಕು.

ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ
ಬೋಗಿಯ ಹೊಟ್ಟೆಯಡಿ ನಿಂತು ಮೇಲೆ ನೋಡಿದ ಕತ್ತು.
ಈಗ ಅಶೋಕಪುರಂ ಮನೆಯ ಹಿತ್ತಿಲ ಶೀಟಿನಡಿ
ಎಣ್ಣೆ ಡಬ್ಬದ ತಗಡು ಕತ್ತರಿಸಿ
ಜರ್ಮನರ ಟ್ಯಾಂಕ್ ಬೇಟೆಯ ಬಂಡಿ ಮಾಡುತ್ತಾರೆ.
ಸೈಕಲ್ ಚೈನು ಪಟ್ಟಿ. ಕೊಡೆಯ ಕಡ್ಡಿ ನಳಿಗೆ.
ನಾನು ಅವರ ಕೊನೆಯ ಅಪ್ರೆಂಟಿಸು;
ಅರ ಹಿಡಿಯಲು ಕಲಿಸಿದ ಸಾಲಕ್ಕೆ
ಭಾನುವಾರ ಬಂದು ತಗಡು ಹಿಡಿದುಕೊಳ್ಳುತ್ತೇನೆ.

"ಇದು ಮೊದಲನೇದು ಕಣವ್ವ, ನಲವತ್ತನೇ ಇಸ್ವಿ.
ಹಳೇ ಟ್ಯಾಂಕು, ಯಾತಕ್ಕೂ ಬಾರದ್ದು.
ಗೋಪುರ ಕಿತ್ತಾಕಿ
ಚೆಕ್ಕರಿಂದ ಕಿತ್ಕೊಂಡ ಫಿರಂಗಿ ಕೂರ್ಸಿದ್ರು.
ಮುಂದೆ ಮಗ್ಗುಲಿಗೆ ತಗಡಿನ ಮರೆ. ಬೆನ್ನಿಗೆ ಏನೂ ಇಲ್ಲ.
ಮಳೆ ಬಂದ್ರೆ ಟಾರ್ಪಾಲು."

ಎರಡನೆಯದಕ್ಕೆ ಚೆಕ್ ಮೈ, ರಷ್ಯಾದ ಬಾಯಿ.
"ಹೆಸರು ಮಾರ್ಡರ್. ಮರ್ಡರ್ ಅಲ್ಲ, ನಗಬೇಡ;
ಅದೊಂದು ಪ್ರಾಣಿ, ನಮ್ಮ ಕೀರದ ಥರ."
ನಾನು ನಗಲಿಲ್ಲ.
ನಮ್ಮ ಶೆಡ್ಡಿನಲ್ಲೂ ಯಾವುದೋ ಬೋಗಿಯ ಬಾಗಿಲು ಇನ್ಯಾವುದಕ್ಕೋ;
ಹೊಂದದ ಬೋಲ್ಟು ಹೊಂದಿಸಿದವನಿಗೆ
ಆವತ್ತು ಟೀ ಜೊತೆ ಒಂದು ಬನ್ನು.

ಪರೀಕ್ಷೆಯಲ್ಲಿ ಸೋತ ಭಾರೀ ಟ್ಯಾಂಕೊಂದರ
ತೊಂಬತ್ತು ಚಿಲ್ಲರೆ ಚಾಸಿ ಮಿಕ್ಕಿದ್ದವಂತೆ.
ಎಸೆಯಲು ಮನಸ್ಸು ಬಾರದೆ
ಒಂದೊಂದರ ಬೆನ್ನಿಗೂ ಉಕ್ಕಿನ ಕೋಣೆ ಹೊರಿಸಿದರು.
ಮೈಲಿಯಾಚೆಯ ಟ್ಯಾಂಕನ್ನು ಸೀಳುತ್ತದೆ;
ಪಕ್ಕದ ಹಳ್ಳದಿಂದ ಎದ್ದುಬರುವ ಹುಡುಗನಿಗೆ
ಅದರಲ್ಲಿ ಉತ್ತರವಿಲ್ಲ. ಮೆಷಿನ್ ಗನ್ನೇ ಇಟ್ಟಿರಲಿಲ್ಲ.
ಮರಿಕಾಳಯ್ಯ ಅದರ ಪಕ್ಕ ಒಂದು ಹುಣಸೆಬೀಜ ಇಟ್ಟರು.
"ಇವನೇ ಆ ಹುಡುಗ."

ಬಣ್ಣ ಬಳಿಯುತ್ತಾರೆ, ಗುರುತು ಬರೆಯುವುದಿಲ್ಲ.
ಒಮ್ಮೆ ಕೇಳಿದ್ದೆ: ಅವರು ಯಾರನ್ನೆಲ್ಲ ಸುಟ್ಟರು,
ಗೊತ್ತಿದ್ದೂ ಯಾಕೆ ಇವೆಲ್ಲ?
ಅರ ನಿಲ್ಲಲಿಲ್ಲ.
"ಮನುಷ್ಯರಲ್ಲಿ ಮೇಲು ಕೀಳು ಅಂದೋರು. ನಂಗೆ ಗೊತ್ತಿಲ್ವಾ?
ಗೊತ್ತಿರೋದಕ್ಕೇ ಬಿಚ್ಚಿ ನೋಡ್ತಿದೀನಿ."

ನಲವತ್ತನಾಲ್ಕರದು ಪುಟ್ಟದು,
ಎಲ್ಲ ಕಡೆ ಇಳಿಜಾರು, ಕವುಚಿಟ್ಟ ಮೊರದ ಹಾಗೆ.
ನನಗೆ ಅದೇ ಚೆಂದ ಕಂಡಿತು; ಹೇಳಲು ನಾಚಿಕೆ.
ಅಗ್ಗ, ತಗ್ಗು, ಪೊದೆಯೊಳಗೆ ಅಡಗಬಲ್ಲದು.
ಫಿರಂಗಿ ತಿರುಗುವುದು ಅಂಗೈಯಗಲ,
ಶತ್ರು ಅದರಾಚೆ ಬಂದರೆ
ಇಡೀ ಬಂಡಿಯೇ ಮಣ್ಣು ಕಿತ್ತು ಹೊರಳಬೇಕು.
"ನನ್ನಂಗೇ" ಎಂದು ಕೊರಳಪಟ್ಟಿ ತಟ್ಟಿಕೊಂಡರು.

ಒಳಗೆ ನಾಲ್ವರು ಕೂರಬೇಕು.
ಅಳತೆಗೆ ಸರಿಯಾಗಿ ಮೇಣದಲ್ಲಿ ನಾಲ್ವರನ್ನು ಮಾಡಿದರು.
ಬಲಗಡೆಯಿಂದ ಗುಂಡು ತುಂಬುವ ಫಿರಂಗಿ,
ತುಂಬುವವನಿಗೆ ಜಾಗ ಎಡಗಡೆ.
"ಡ್ರಾಯಿಂಗ್ ಮಾಡ್ದೋನು ಒಂದಿನ ಒಳಗೆ ಕೂತಿದ್ನಾ?"
ಮೂವರು ಹಿಡಿಸಿದರು. ನಾಲ್ಕನೆಯವನ ಮಂಡಿ
ಮುಚ್ಚಳಕ್ಕೆ ತಾಗಿತು. ಬ್ಲೇಡು ತೆಗೆದುಕೊಂಡು
ಮಂಡಿಯ ಮೇಲೆ ಇಟ್ಟರು,
ಇಟ್ಟೇ ಇದ್ದರು.
ಆ ಭಾನುವಾರದ ಕೆಲಸ ಅಲ್ಲಿಗೇ ನಿಂತಿತು.

ಏಪ್ರಿಲ್. ಶೀಟಿನಡಿ ಕಾಲಿಡಲಾಗದ ಧಗೆ.
ಎರಡು ವಾರ ಬಿಟ್ಟು ಮುಚ್ಚಳ ತೆಗೆದರೆ
ನಾಲ್ವರೂ ಒಂದೇ ಮುದ್ದೆ,
ಯಾರ ಕೈ, ಯಾರ ಹೆಗಲು, ತಿಳಿಯದು.
ಒಂದು ನೊಣ ಅಂಟಿತ್ತು.
ನಾನು ಏನೋ ಹೇಳಬೇಕೆಂದು ಬಾಯಿ ತೆರೆದೆ.
ಅವರು ಚಮಚದಲ್ಲಿ ಮೇಣ ಕೆರೆದು
ಗರಗಸದ ಹಲ್ಲಿಗೆ ಸವರಿ
ಚೂರು ತಗಡಿನ ಮೇಲೆ ಎಳೆದು ನೋಡಿದರು.
"ಸಲೀಸಾಗಿ ಹೋಗ್ತದೆ."

ಆಮೇಲೆ, ನಾನಿನ್ನೂ ಸುಮ್ಮನೆ ನಿಂತದ್ದಕ್ಕೆ,
ಮೊದಲು ಎಡಗಾಲು, ಆಮೇಲೆ ಸೊಂಟ,
ಇಡೀ ಆಳೇ ನನ್ನ ಕಡೆ ತಿರುಗಿ
ಏನವ್ವಾ ಎಂದರು.